ಒಂದೂಮುಕ್ಕಾಲು ತಾಸಿನ ದಾರಿ

ಬೆಂಗಳೂರಿನಿಂದ ಮುಂಬೈಗೆ ವಿಮಾನದಲ್ಲಿ ಒಂದೂಮುಕ್ಕಾಲು ತಾಸು. ಒಪ್ಪಿದೆ. ಆದರೆ ನಾನಿರುವುದು ಬೆಂಗಳೂರಿನಲ್ಲೇನು? ಕಾನಹೊಸಹಳ್ಳಿಯಲ್ಲಿ, ಬೆಂಗಳೂರಿಗೆ ಕಾರಿನಲ್ಲಿ ನಾಲ್ಕೂವರೆ ತಾಸಿನ ದೂರದಲ್ಲಿ. ಇದು ನನ್ನ ತಂಗಿಯ ಗಂಡ ಸೋಮಶೇಖರನಿಗೆ ಗೊತ್ತಿಲ್ಲದ್ದಲ್ಲ. ಈಗ ಮುಂಬೈಯಲ್ಲಿದ್ದರೂ ಅವನೂ ನಮ್ಮ ಕಡೆಯ ಹಗರಿಬೊಮ್ಮನಹಳ್ಳಿಯಲ್ಲೇ ಹುಟ್ಟಿ ಬೆಳೆದವನು.

ಬೆಳಗಿನ ಐದೂವರೆಗೆ ಫೋನ್ ಮಾಡಿ, ತಂಗಿ ಸುಮಂಗಲಾ ರಾತ್ರಿ ಎದೆನೋವಿನಿಂದ ತೀರಿಕೊಂಡಳು ಎಂದ. ನಾನು ಅಯ್ಯೋ ಎಂದು ಕೂಗಿದೆ. ಅವನು ಮಾತು ನಿಲ್ಲಿಸಲಿಲ್ಲ.

"ಅಕ್ಕಾ, ಒಂಬತ್ತೂವರಿ ವಿಮಾನಕ್ಕ ನಿಮಗೂ ಭೀಮರಾಜಗೂ ಟಿಕೆಟ್ ಮಾಡೀನಿ. ಹನ್ನೆರಡರೊಳಗ ಇಲ್ಲಿರ್ತೀರಿ."

"ತವರಿನ ಸೀರಿ ಹೊದಿಸದ ಎತ್ತಬ್ಯಾಡಪ್ಪಾ. ಎಷ್ಟೊತ್ತಾದ್ರೂ ತರ್ತೀನಿ."

"ಆತಕ್ಕಾ" ಎಂದ.

ನಮ್ಮಲ್ಲಿ ಮದುವೆಯಾದ ಹೆಣ್ಣು ಸತ್ತರೆ ತವರಿನವರು ತಂದ ಸೀರೆ ಹೊದಿಸಿದ ಮೇಲೆಯೇ ಹೆಣ ಎತ್ತುವುದು. ಅಪ್ಪ ಅವ್ವ ಹೋದ ಮೇಲೆ ಅವಳಿಗೆ ತವರೆಂದರೆ ನಾನು, ತಮ್ಮ ಭೀಮರಾಜ, ಅಷ್ಟೇ. ಮುತ್ತೈದೆಯಾಗಿ ಹೋದವಳಿಗೆ ಹಸಿರು ಸೀರೆಯೇ ಆಗಬೇಕು. ಬಟ್ಟೆ ಅಂಗಡಿಯವನ ಮನೆ ಬಾಗಿಲು ಬಡಿದು ಎಬ್ಬಿಸಿ ತಂದೆ. ಕಾರು ಹತ್ತಿದಾಗ ಆರೂವರೆ.

ಒಂಬತ್ತಕ್ಕೆ ಮತ್ತೆ ಅವನ ಫೋನು. "ವಿಮಾನ ಹತ್ತಿದ್ರೇನಕ್ಕಾ?"

"ಈಗ ಹಿರಿಯೂರು ದಾಟೀವಿ!"

"ಅಯ್ಯೋ, ಫೋನಿನಾಗ ಒಂದೂಮುಕ್ಕಾಲು ತಾಸು ಅಂತ ತೋರಿಸ್ತೈತಲ್ಲಕ್ಕಾ!"

"ನಿನ್ನ ಫೋನಿಗೆ ಬೆಂಕಿ ಹಚ್ಚ! ನಮ್ಮನಿ ಏನು ವಿಮಾನದ ಬಾಗಲದಾಗ ಐತೇನೋ?"

ಗಾಡಿ ಓಡಿಸುತ್ತಿದ್ದ ಭೀಮರಾಜ, "ಸುಮ್ನಿರಕ್ಕಾ, ಅವ ಹೆಂಡ್ತಿ ಕಳಕೊಂಡಾನ" ಎಂದ. ನಾನು ತಂಗಿಯನ್ನು ಕಳೆದುಕೊಂಡಿಲ್ಲವೇನು? ಅವನಿಗೂ ಬೈದೆ.

ನಿಲ್ದಾಣ ಮುಟ್ಟಿದಾಗ ಹನ್ನೊಂದು. ನಮ್ಮ ವಿಮಾನ ಯಾವಾಗಲೋ ಹಾರಿಹೋಗಿತ್ತು. ಮುಂದಿನದಕ್ಕೆ ಬೇರೆ ಟಿಕೆಟ್ ತೆಗೆದು, ಹಾರಿ, ಇಳಿದು, ಮುಂಬೈಯ ಗಾಡಿಗಳ ನಡುವೆ ತೆವಳಿಕೊಂಡು ಅವನ ಮನೆ ಸೇರಿದಾಗ ಸಂಜೆ ಐದು. ಮನೆಯ ನೆಲ ತೊಳೆದಿದ್ದರು, ಮೂಲೆಗಳು ಇನ್ನೂ ಒದ್ದೆಯಾಗಿದ್ದವು. ಅದನ್ನು ನೋಡಿದ ಕೂಡಲೇ ಹೆಣ ಎತ್ತಿಯಾಗಿದೆ ಎಂದು ತಿಳಿಯಿತು.

"ಎರಡರತನ ಕಾದ್ವಿ ಅಕ್ಕಾ" ಎಂದ ಸೋಮಶೇಖರ. "ಆದ್ರ ಶಾಸ್ತ್ರಕ್ಕ ಕಮ್ಮಿ ಮಾಡಿಲ್ಲ. ನಿಮ್ಮ ಹೆಸರಿಲೆ ಇಲ್ಲೇ ಒಂದು ಹಸಿರು ಸೀರಿ ತರಿಸಿ ಹೊದಿಸೀನಿ. ತವರಿನೋರು ಕಳಿಸ್ಯಾರ ಅಂತ ಎಲ್ಲಾರಿಗೂ ಹೇಳೀನಿ."

ಫೋಟೊ ಬೇರೆ ತೋರಿಸಿದ. ಯಾವುದೋ ಅಂಗಡಿಯ ಸೀರೆ ಹೊದ್ದು ನನ್ನ ತಂಗಿ ಮಲಗಿದ್ದಳು. ಅಂಗಾಲಿನ ಸಿಟ್ಟು ನೆತ್ತಿಗೇರಿತು.

"ತವರು ಇನ್ನೂ ಸತ್ತಿಲ್ಲೋ! ಹದಿನಾರು ವರ್ಷ, ನಾಗರ ಪಂಚಮಿಗೆ ಅಕೀನ ತವರಿಗೆ ಕಳಿಸೋ ಅಂತ ಕೇಳಿದಾಗೆಲ್ಲ ಏನಂತಿದ್ದಿ? 'ಭಾಳ ದೂರ ಅಕ್ಕಾ, ಎರಡು ದಿನ ದಾರಿಗೇ ಹೋಗ್ತಾವು' ಅಂತಿದ್ದಿ. ಒಂದು ಪಂಚಮಿಗೂ ಅಕಿ ಬರಲಿಲ್ಲ. ಅಕಿ ಬರಾಕ ಎರಡು ದಿನ, ನಾವು ಬರಾಕ ಒಂದೂಮುಕ್ಕಾಲು ತಾಸೇನೋ?"

ಯಾರೋ ನೀರು ತಂದು ಕೊಟ್ಟರು. ಆ ಮನೆಯ ನೀರು ನನಗೆ ಬೇಡವೆಂದು ತಮ್ಮನ ಕೈ ಹಿಡಿದು ಮೆಟ್ಟಿಲಿಳಿದೆ.