ಬಾಗಿಲ ಬಳಿ ಒಂದು ಜೊತೆ ಬೂಟು

ಹಿಮ್ಮಡಿ, ಮತ್ತೆ ಅದೇ ಹಿಮ್ಮಡಿ, ಬಲಗಾಲಿನದು, ಎಡಗಾಲು ಯಾವಾಗಲೂ ಸಾಧು, ಬಲಗಾಲಿಗೇ ಎಲ್ಲ ತಕರಾರು, ಅಂಗಡಿಯಲ್ಲಿ ಹಾಕಿ ನೋಡಿದಾಗ ಈ ಕರಿ ಬೂಟು ಬೆಣ್ಣೆಯ ಹಾಗಿತ್ತು, ರಾಜಧಾನಿ ಮಾಲೆಯ ಪೇಟೆಯ ಆ ಅಂಗಡಿಯವನು, ನಡೀತಾ ನಡೀತಾ ಸಡಿಲ ಆಗುತ್ತೆ ತಂಗಿ, ಅಂದಿದ್ದ, ನಡೆಯುವುದೆಲ್ಲಿಂದ ಬಂತು, ಬೆಳಗಿನಿಂದ ಈ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತೇ ಇದ್ದೇನೆ, ಕುಳಿತಲ್ಲೇ ಕಚ್ಚುವ ಬೂಟು ಲೋಕದಲ್ಲಿ ಇದೊಂದೇ ಇರಬೇಕು — ಗಾಜಿನ ಆಚೆ ಮತ್ತೊಂದು ವಿಮಾನ ನೀರಿಗೆ ಇಳಿಯುತ್ತಿದೆ, ಚಕ್ರದ ಬದಲು ಇರುವ ಎರಡು ಉದ್ದನೆಯ ತೇಲುಗಾಲುಗಳನ್ನು ಮೆಲ್ಲಗೆ ತಾಗಿಸಿ, ಹಿಂದೆ ಬಿಳಿ ನೊರೆ ಎಳೆದುಕೊಂಡು, ಚೆನ್ನಾಗಿಯೇ ಇಳಿಸಿದ, ಮೂಗು ಎತ್ತಿದ್ದು ತುಸು ಹೆಚ್ಚಾಯಿತು, ನಾನಾಗಿದ್ದರೆ — ನಾನಾಗಿದ್ದರೆ ಅನ್ನುವುದನ್ನು ಬಿಡಬೇಕು, ನಾನು ಇನ್ನೂ ಏನೂ ಆಗಿಲ್ಲ, ಆ ಬಾಗಿಲು ತೆರೆದರೆ ತಾನೆ ಆಗುವುದು. ಬೆಳಿಗ್ಗೆ ಸಂದರ್ಶನ ಅಂದಿದ್ದರು, ಬೆಳಿಗ್ಗೆ ಅಂದರೆ ಬೆಳಿಗ್ಗೆಯೇ ಎಂದು ನಂಬಿ ಮೊದಲ ದೋಣಿಗೇ ಬಂದು ಕುಳಿತೆ, ಬಂದರೆ ಯಾರೋ ಪೈಲಟ್‌ಗೆ ಜ್ವರ, ಅವನ ಬದಲು ಕ್ಯಾಪ್ಟನ್ ವಜ್ದಿಯವರೇ ಹಾರಿಸಿಕೊಂಡು ಹೋಗಿದ್ದಾರೆ, ನಮ್ಮನ್ನು ಪರೀಕ್ಷೆ ಮಾಡಬೇಕಾದವರೇ ಅವರು, ಪೈಲಟ್ ಇಲ್ಲ ಅಂತ ಪೈಲಟ್‌ ಆರಿಸುವುದು ನಿಂತಿದೆ, ಪೈಲಟ್ ಆಗಬೇಕಾದವಳು ಗಾಜಿನ ಈಚೆ ಕುಳಿತು ಹಿಮ್ಮಡಿ ಉಜ್ಜಿಕೊಳ್ಳುತ್ತಿದ್ದಾಳೆ, ಈ ವ್ಯವಹಾರವನ್ನು ಯಾರಿಗೆ ಹೇಳುವುದು. ಈಗ ಬರ್ತಾರೆ ಜೂನಾ, ಅನ್ನುತ್ತಾಳೆ ಮೇಜಿನ ಹಿಂದಿನ ನಾಹಿದಾ, ಈಗ, ನಮ್ಮ ದ್ವೀಪಗಳಲ್ಲಿ ಈಗ ಅಂದರೆ ಮೀನು ಬೆಂದ ಮೇಲೆ, ಉಬ್ಬರ ಇಳಿದ ಮೇಲೆ, ಅಜ್ಜ ನಿದ್ದೆಯಿಂದ ಎದ್ದ ಮೇಲೆ, ಆ ಈಗ. ಆದರೂ ನಾಹಿದಾ ಕೇಳದೆಯೇ ಕರಿ ಚಹಾ ತಂದಿಟ್ಟಳು, ಸಕ್ಕರೆ ನನ್ನ ಅಳತೆಗೆ ಹಾಕಿ, ಅವಳ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಬಿಡುವುದಿಲ್ಲ ಈ ಹುಡುಗಿ.

ಮತ್ತೆ ಈ ಸೊಲಾಹ್, ಅವನಂತೂ, ಮೂಟೆ ಪೆಟ್ಟಿಗೆ ಏರಿಸುವವರ ಮುಂದಾಳು, ನನಗೆ ಅಣ್ಣನ ಹಾಗೆ, ಅಣ್ಣನ ಹಾಗೆ ಅನ್ನುವುದೇ ತೊಂದರೆ, ಕೊಕ್ಕೋ ಅಂತ ತಂಗಿಯ ಸಲುಗೆಯಲ್ಲಿ ಕರೆಯುತ್ತಾ ಬಾಗಿಲಲ್ಲಿ ತಲೆ ಹಾಕುತ್ತಾನೆ, ಕೊಕ್ಕೋ, ಇದನ್ನೊಂಚೂರು ಎತ್ತಿ ನೋಡು, ತಕ್ಕಡಿ ಕೆಟ್ಟಿದೆ, ನಿನ್ನ ಕೈ ತಕ್ಕಡಿಗಿಂತ ವಾಸಿ. ಬೇಬೆ, ಅಣ್ಣಾ, ನಾನು ಇವತ್ತು ರಜೆ. ಗೊತ್ತು ಮಾರಾಯ್ತಿ, ಎತ್ತೋಕೂ ರಜೆನಾ, ಬೂಟು ಬೇರೆ ಹಾಕಿದ್ದೀಯ, ಯಾರ ಮದುವೆ. ಎತ್ತಿದೆ, ಎತ್ತದೆ ಏನು ಮಾಡುವುದು, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಕಂಕುಳು ಒದ್ದೆಯಾಯಿತು. ಆಮೇಲೆ ಇನ್ನೊಬ್ಬ, ಜೂನಾ ಆ ಜರ್ಮನ್ ಅಜ್ಜಿಗೆ ಎಂಜಿನ್ ಸದ್ದು ತಡೆಯೋಕೆ ಕಿವಿಗೆ ಹತ್ತಿ ಕೊಡೇ, ನಿನ್ನ ಮಾತಾದರೆ ಕೇಳ್ತಾಳೆ. ಅಜ್ಜಿಗೂ ಹತ್ತಿ ಕೊಟ್ಟೆ, ಅಜ್ಜಿ ನನ್ನ ಕೆನ್ನೆ ತಟ್ಟಿದಳು, ಕೆನ್ನೆ ತಟ್ಟಿಸಿಕೊಂಡ ಪೈಲಟ್‌ಗಳು ಎಷ್ಟು ಜನ ಇದ್ದಾರೆ ಈ ಸಮುದ್ರದ ಮೇಲೆ. ಇವರು ಯಾರೂ ಕೆಟ್ಟವರಲ್ಲ, ಅದೇ ತಾಪತ್ರಯ, ಕೆಟ್ಟವರಾಗಿದ್ದರೆ ಬೈದು ಕೈತೊಳೆದುಕೊಳ್ಳಬಹುದಿತ್ತು, ಇವರೆಲ್ಲ ಒಳ್ಳೆಯವರು, ಇವರ ಕಣ್ಣಿಗೆ ನಾನು ಹಗ್ಗದ ಜೂನಾ, ಇಷ್ಟು ವರ್ಷ ವಿಮಾನ ಕಟ್ಟೆಗೆ ಬಂದಾಗ ತೇಲುಗಾಲಿನ ಮೇಲೆ ನಿಂತು ಹಗ್ಗ ಕಟ್ಟಿದವಳು, ಬೆಲ್ಟ್ ಹಾಕಿಕೊಳ್ಳಿ ಅಂತ ಕೈಸನ್ನೆ ಮಾಡಿದವಳು, ಹಗ್ಗದವಳು ಮುಂದಿನ ಸೀಟಿನಲ್ಲಿ ಕೂರುವುದು ಅವರಿಗೆ ಕನಸಿನಲ್ಲೂ ಬರುವುದಿಲ್ಲ, ನಾನು ಕೊಲಂಬೋಗೆ ಹೋಗಿ ಹಾರಾಟ ಕಲಿತು ಪರವಾನಗಿ ತಂದು ತೋರಿಸಿದಾಗಲೂ, ಫೋಟೊ ಚೆನ್ನಾಗಿ ಬಂದಿದೆ ಕೊಕ್ಕೋ, ಅಂದ ಈ ಸೊಲಾಹ್. ಪರವಾನಗಿ ಮೀನಿನ ಹಾಗೆ, ಹಾರದೆ ಇಟ್ಟರೆ ಉಪ್ಪು ಹಾಕದೆ ಇಟ್ಟ ಹಾಗೆ, ಹೋದ ವರ್ಷ ಕೇಳಿದಾಗ, ಬರುವ ವರ್ಷ ನೋಡೋಣ, ಅಂದರು, ಈ ಋತುವಿನ ಗಾಳಿ ತಿರುಗುವುದರೊಳಗೆ ಸೀಟು ಸಿಗದಿದ್ದರೆ ಪರವಾನಗಿ ಸತ್ತಿತು, ಮತ್ತೆ ಮೊದಲಿನಿಂದ ಕಲಿಯಲು ಮನೆಯಲ್ಲಿ ಮಾರುವುದಕ್ಕೆ ಏನೂ ಉಳಿದಿಲ್ಲ, ಇರುವುದು ಒಂದೇ ಸೀಟು, ಸಹ ಪೈಲಟ್‌ನದು — ಫೋನು ಗುಂಯ್ ಅಂತು, ಮಮ್ಮನ ದನಿ, ಮಗಾ ಒಳಗೆ ಹೋದ್ಯಾ, ಬಜಿಯಾಕ್ಕೆ ಹಿಟ್ಟು ಕಲಸಿಟ್ಟಿದ್ದೀನಿ, ಮೀನೂ ತೆಂಗಿನಕಾಯೂ ಹುರಿದಿಟ್ಟಿದ್ದೀನಿ, ಬೀದಿಯೋರೆಲ್ಲ ಬಂದು ಕೂತಿದ್ದಾರೆ, ಎಣ್ಣೆ ಇಡಲಾ ಬೇಡವಾ ಹೇಳು. ಬೇಡ ಮಮ್ಮಾ. ಬೇಡ ಅಂದ್ರೆ ಸಿಗಲಿಲ್ವಾ. ಇನ್ನೂ ಕರೆದೇ ಇಲ್ಲ ಮಮ್ಮಾ. ಹಾಗಾದ್ರೆ ಸಣ್ಣ ಉರಿಯಲ್ಲಿ ಇಟ್ಟಿರ್ತೀನಿ. ಇಡೀ ದ್ವೀಪದ ಎಣ್ಣೆ ನನ್ನ ತಲೆಯ ಮೇಲೆ ಸಣ್ಣ ಉರಿಯಲ್ಲಿ ಕಾಯುತ್ತಿದೆ.

ಮತ್ತೆ ಇವನು, ಎದುರಿನ ಕುರ್ಚಿಯವನು, ಆ ಒಂದು ಸೀಟಿಗೆ ಎರಡನೆಯ ಅಭ್ಯರ್ಥಿ, ಲಾಹಿಕ್ ಅಂತೆ, ಮಾಲೆಯ ಹುಡುಗ, ಸ್ಪೇನಿನಲ್ಲಿ ಕಲಿತವನು, ಚಕ್ರದ ವಿಮಾನದಲ್ಲಿ, ಕಪ್ಪು ಬೂಟು ಎಷ್ಟು ಹೊಳೆಯುತ್ತಿದೆಯೆಂದರೆ ಮೂಲೆಯಲ್ಲಿ ನಿಲ್ಲಿಸಿದ ಫ್ಯಾನು ಅದರಲ್ಲಿ ತಿರುಗುತ್ತಿದೆ, ಅವನ ಬೂಟು ಅವನನ್ನು ಕಚ್ಚುವುದಿಲ್ಲ, ಅಂಥವರನ್ನು ಬೂಟು ಕಚ್ಚುವುದಿಲ್ಲ, ಬಂದಾಗಿನಿಂದ ಫೋನಿನಲ್ಲಿ ಏನೋ ಓದುತ್ತಿದ್ದಾನೆ, ತುಟಿ ಅಲುಗಾಡಿಸುತ್ತಾ, ದುವಾ ಇರಬೇಕು, ಅಥವಾ ಎಂಜಿನ್ನಿನ ಲೆಕ್ಕ. ಒಮ್ಮೆ ತಲೆ ಎತ್ತಿ, ನೀವು ಇಲ್ಲೇ ಕೆಲಸ ಮಾಡೋರು ಅಲ್ವಾ, ಇಲ್ಲಿ ಪೈಲಟ್‌ಗಳು ಯಾಕೆ ಬರಿಗಾಲಲ್ಲಿ ಹಾರಿಸ್ತಾರೆ, ಟೂರಿಸ್ಟ್‌ಗಳು ಫೋಟೊ ತೆಗೀಲಿ ಅಂತಾನಾ, ಅಂದ. ಮೈ ಉರಿಯಿತು, ಒಳಗೆ ಹೋದ್ಮೇಲೆ ಅವರನ್ನೇ ಕೇಳಿ, ಅಂದೆ, ಅವನು ಪೆಚ್ಚಾಗಿ ನಕ್ಕ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಬಂದು, ಏನೂ ಅಂದುಕೋಬೇಡಿ, ರಕ್ತ ಬರ್ತಿದೆ, ಅಂತ ಬೂಟಿನಿಂದ ಅರ್ಧ ಹೊರಗೆಳೆದಿದ್ದ ನನ್ನ ಹಿಮ್ಮಡಿ ತೋರಿಸಿ ಪರ್ಸಿನಿಂದ ಒಂದು ಬ್ಯಾಂಡೇಡ್ ತೆಗೆದು ಕುರ್ಚಿಯ ಕೈ ಮೇಲಿಟ್ಟು ತನ್ನ ಜಾಗಕ್ಕೆ ಹೋಗಿ ಆಚೆ ಮುಖ ಮಾಡಿ ಕುಳಿತ, ನಾನು ಹಚ್ಚಿಕೊಳ್ಳುವಾಗ ನೋಡಬಾರದು ಅಂತ, ಅದೊಂದು ಸಣ್ಣ ಮರ್ಯಾದೆ, ಯಾರೂ ಕಲಿಸದೆ ಬರುವಂಥದ್ದು, ಆಗಲೇ ತಿಳಿಯಿತು, ಇವನನ್ನು ದ್ವೇಷಿಸುವ ಅನುಕೂಲವೂ ನನಗಿಲ್ಲ. ಆ ಹೊತ್ತಿಗೆ ಕ್ಯಾಪ್ಟನ್ ವಜ್ದಿ ಬಂದರು, ನೆರೆತ ಗಡ್ಡ, ಹೆಗಲ ಮೇಲೆ ಪಟ್ಟಿ, ಮೊಣಕಾಲವರೆಗೆ ಮಡಚಿದ ಪ್ಯಾಂಟು, ಬರಿಗಾಲು, ಬಿಳಿ ನೆಲದ ಮೇಲೆ ಒದ್ದೆ ಹೆಜ್ಜೆ ಮೂಡಿಸುತ್ತಾ ನಮ್ಮಿಬ್ಬರ ನಡುವೆ ನಡೆದು ಹೋದರು, ನನ್ನ ಕಾಲನ್ನು ನೋಡಿದರು, ಓ, ಜೂನಾನೂ ಬೂಟು ಹಾಕಿದಳಾ, ಅಂದು ಬಾಗಿಲು ಹಾಕಿಕೊಂಡರು, ಅಷ್ಟೇ, ಹೊಗಳಿದರೋ ಹಂಗಿಸಿದರೋ, ನಲವತ್ತು ದಾಟಿದ ಮೇಲೆ ಗಂಡಸರು ವಾಕ್ಯವನ್ನು ಪೂರ್ತಿ ಮಾಡುವುದನ್ನೇ ಬಿಟ್ಟುಬಿಡುತ್ತಾರೆ. ಒದ್ದೆ ಹೆಜ್ಜೆಗಳು ಒಂದೊಂದಾಗಿ ಆರಿದವು, ಹುಡುಗ ಅವನ್ನೇ ನೋಡುತ್ತಿದ್ದ, ನಿಜವಾಗಲೂ ಯಾಕೆ, ಅಂದ, ಈ ಸಲ ನಗದೆ, ಸ್ಕೂಲಿನ ಹುಡುಗ ಕೇಳುವ ಹಾಗೆ. ಹಿಮ್ಮಡಿಯಲ್ಲಿ ಅವನ ಬ್ಯಾಂಡೇಡ್ ಅಂಟಿಕೊಂಡಿತ್ತು, ಏನು ಮಾಡಲಿ, ಹೇಳಿದೆ — ನೀರಿನ ಮೇಲೆ ವಿಮಾನಕ್ಕೆ ಬ್ರೇಕ್ ಇಲ್ಲ, ಕಟ್ಟೆಯ ಹತ್ತಿರ ಎಂಜಿನ್ ನಿಲ್ಲಿಸಿದರೆ ಆಮೇಲೆ ಅದು ಬರೀ ದೋಣಿ, ಗಾಳಿ ಹೇಳಿದ ಕಡೆ ಹೋಗೋದು, ಹಗ್ಗ ಎಸೆಯೋರ ಕೈ ತಪ್ಪಿದ್ರೆ ಪೈಲಟ್ಟೇ ಬಾಗಿಲು ತೆಗೆದು ತೇಲುಗಾಲಿನ ಮೇಲೆ ಇಳೀಬೇಕು, ಅಲ್ಲಿ ಪಾಚಿ, ನೀರು, ಎಣ್ಣೆ, ಬೂಟು ಹಾಕಿದೋನು ಜಾರ್ತಾನೆ, ಬೆರಳಲ್ಲಿ ಹಿಡ್ಕೊಂಡೋನು ನಿಲ್ತಾನೆ. ಹೇಳುತ್ತಿರುವಾಗಲೇ ಅದು ಕಣ್ಣ ಮುಂದೆ, ನನ್ನ ಮೊದಲ ವರ್ಷ, ನೈರುತ್ಯದ ಗಾಳಿ, ತೇಲುಗಾಲಿನ ಮೇಲಿಂದ ನಾನು ಕಟ್ಟೆಗೆ ಎಸೆದ ಹಗ್ಗ ನೀರಿಗೆ ಬಿದ್ದು ವಿಮಾನ ಹಿಂದಕ್ಕೆ ಹಿಂದಕ್ಕೆ ಹವಳದ ಬಂಡೆಯ ಕಡೆಗೆ, ಒಳಗೆ ಜನ, ಮಕ್ಕಳು, ಕ್ಯಾಪ್ಟನ್ ವಜ್ದಿ ಬಾಗಿಲು ತೆಗೆದು ಇಳಿದು ಬಂದು, ಹಕ್ಕಿಯ ಹಾಗೆ ಕಾಲ್ಬೆರಳು ಮಡಚಿ ಅಂಚು ಹಿಡಿದು, ಬಾಗಿ ಹಗ್ಗ ಎತ್ತಿ ನನ್ನ ಕೈಗೇ ಕೊಟ್ಟು, ಮತ್ತೆ ಎಸಿ, ಅಂದರು, ತಾವು ಎಸೆಯಲಿಲ್ಲ, ನನ್ನ ಕೈಗೇ ಕೊಟ್ಟರು, ಆವತ್ತೇ, ಆ ಕಾಲ್ಬೆರಳು ನೋಡಿದ ಹೊತ್ತಿಗೇ, ನಾನೂ ಆ ಮುಂದಿನ ಸೀಟಿನಿಂದಲೇ ಇಳಿದು ಬರುವವಳಾಗಬೇಕು ಅಂತ — ಅದನ್ನು ಹುಡುಗನಿಗೆ ಹೇಳಲಿಲ್ಲ, ಅದು ನನ್ನದು.

ಲಾಹಿಕ್, ಒಳಗೆ ಬರಬೇಕಂತೆ, ಅಂದಳು ನಾಹಿದಾ. ಲಾಹಿಕ್ ಯಾಕೆ, ಮೊದಲು ಬಂದವಳು ನಾನು, ಕಾಗದದಲ್ಲಿ ಅವನ ಹೆಸರು ಮೇಲಿದೆಯಂತೆ, ಅದಕ್ಕವಳೇನು ಮಾಡುತ್ತಾಳೆ, ಕಣ್ಣಿನಲ್ಲೇ ಕ್ಷಮೆ ಕೇಳಿದಳು. ಹುಡುಗ ಎದ್ದ, ಬಾಗಿಲವರೆಗೆ ಹೋದ, ನಿಂತ, ಬಗ್ಗಿದ, ಒಂದೊಂದೇ ದಾರ ಬಿಚ್ಚಿ, ಹೊಳೆಯುವ ಬೂಟು ಎರಡನ್ನೂ ಕಳಚಿ, ಕಾಲುಚೀಲ ಅದರೊಳಗೆ ತುರುಕಿ, ಮಸೀದಿಯ ಹೊರಗೆ ಬಿಡುವ ಹಾಗೆ ಬಾಗಿಲ ಪಕ್ಕ ಜೋಡಿಸಿಟ್ಟು, ಬರಿಗಾಲಲ್ಲಿ ಒಳಗೆ ಹೋದ. ನಾನು ಬೂಟು ಬಿಚ್ಚು ಅಂದೆನೇ, ನಾನು ಹೇಳಿದ್ದು ಕಾರಣ ಮಾತ್ರ, ಕೇಳಿದ, ಹೇಳಿದೆ, ಬ್ಯಾಂಡೇಡಿನ ಋಣಕ್ಕೆ, ಬಿಚ್ಚು ಅಂತ ಯಾರು ಹೇಳಿದರು. ಒಳಗೆ ಯಾರೋ ನಕ್ಕರು, ವಜ್ದಿಯವರ ನಗು, ದೊಡ್ಡದು, ಅಪರೂಪದ್ದು, ಇಷ್ಟು ವರ್ಷದಲ್ಲಿ ನನ್ನ ಕಡೆಗೆ ಅಂಥ ನಗು ಬಂದದ್ದೇ ಇಲ್ಲ. ಈಗ ನಾನೇನು ಮಾಡಬೇಕು, ಬೂಟು ಬಿಚ್ಚಿ ಹೋದರೆ ಅವನನ್ನು ನೋಡಿ ಕಲಿತವಳು, ಬೂಟು ಹಾಕಿಯೇ ಹೋದರೆ ಇಷ್ಟು ವರ್ಷ ಹಗ್ಗ ಕಟ್ಟಿಯೂ ಕಲಿಯದವಳು, ನನ್ನ ಕಾಲು, ನನ್ನ ಪಾಚಿ, ನನ್ನ ಹಗ್ಗ, ಅದನ್ನೆಲ್ಲ ಅವನು ಒಂದು ಬ್ಯಾಂಡೇಡಿಗೆ ಒಳಗೆ ತೆಗೆದುಕೊಂಡು ಹೋದ, ಮೋಸ ಅನ್ನೋಣವೆಂದರೆ ಮೋಸವಲ್ಲ, ನಾನೇ ಕೊಟ್ಟದ್ದು, ವಜ್ದಿಯವರೂ ಹಗ್ಗ ಕೊಟ್ಟದ್ದೇ ತಾನೆ, ಕೇಳದೆಯೇ, ಹೌದು, ಆದರೆ ಅವರಿಗೆ ಸೀಟು ಇತ್ತು. ಬೂಟು ನೋಡುತ್ತೇನೆ, ಬೇಡವೆಂದರೂ ನೋಡುತ್ತೇನೆ, ಎರಡೂ ನನ್ನ ಕಡೆಗೇ ಮೂಗು ಮಾಡಿ ಕುಳಿತಿವೆ, ಫ್ಯಾನು ಅದರಲ್ಲಿ ಇನ್ನೂ ತಿರುಗುತ್ತಿದೆ. ಮಧ್ಯಾಹ್ನದ ಬಾಂಗ್ ಆಯಿತು. ಕೊಕ್ಕೋ, ಸೊಲಾಹ್ ಮತ್ತೆ ತಲೆ ಹಾಕಿದ, ಬೈಯುವುದಕ್ಕೆ ಬಾಯಿ ತೆರೆದೆ, ಅವನು ಫ್ಯಾನನ್ನು ನನ್ನ ಕಡೆಗೆ ತಿರುಗಿಸಿ, ಅಂಗಿ ಒಣಗಲಿ, ನಾನೇ ಒದ್ದೆ ಮಾಡಿಸಿದೆ, ಅಂದ, ಆಮೇಲೆ ತಲೆ ಕೆರೆದುಕೊಂಡು, ಸೀಟು ಸಿಕ್ಕಿದ್ರೆ ನನ್ನನ್ನ ಹಗ್ಗದ ಕೆಲಸಕ್ಕೆ ಹಾಕಿಸ್ಕೊ, ನೀನು ಕರ್ಕೊಂಡು ಬರೋ ವಿಮಾನಕ್ಕೆ ನಾನು ಕಟ್ತೀನಿ, ಅಂದು ಹೊರಟೇ ಹೋದ, ತಮಾಷೆಯಾ ಅಂತ ಕೇಳುವುದಕ್ಕೂ ನಿಲ್ಲಲಿಲ್ಲ, ನಾನು ಯಾಕೆ ಕಾಯುತ್ತಿದ್ದೇನೆಂದು ಅವನಿಗೆ ಗೊತ್ತಿತ್ತು, ಕನಸಿನಲ್ಲೂ ಬರುವುದಿಲ್ಲ ಅಂದೆನಲ್ಲ, ಅವನಿಗೆ ಬಂದಿತ್ತು. ಸಾಕು, ಬಿಚ್ಚಿಬಿಡುತ್ತೇನೆ, ಕಾಲು ನನ್ನದು, ಯಾರು ಏನಾದರೂ ಅಂದುಕೊಳ್ಳಲಿ, ಬಲಗಾಲು ಮೊದಲು, ಹಿಮ್ಮಡಿಗೆ ಗಾಳಿ ತಾಗಿತು, ಆಮೇಲೆ ಎಡಗಾಲು, ನೆಲ ತಣ್ಣಗಿದೆ, ಹತ್ತು ಬೆರಳೂ ಅಗಲಕ್ಕೆ ಬಿಚ್ಚಿಕೊಂಡವು. ಬಾಗಿಲು ತೆರೆಯಿತು, ಹುಡುಗ ಬಂದ, ಮುಖದಲ್ಲಿ ಏನೂ ಬರೆದಿಲ್ಲ, ಅಥವಾ ನನಗೆ ಓದಲು ಬರುವುದಿಲ್ಲ, ನನ್ನನ್ನು ನೋಡಿ ತಲೆ ಬಾಗಿಸಿದ, ಬೂಟಿನ ಮಾತು ಬಂದಾಗ ನಿಮ್ಮ ಹೆಸರು ಹೇಳಿದೆ ಅವರಿಗೆ, ಅಂದ, ಯಾಕೆ ಹೇಳಿದಿರಿ, ಏನು ಹೇಳಿದಿರಿ, ಅಂತ ಕೇಳುವುದರೊಳಗೆ ನನ್ನನ್ನೂ ನಾಹಿದಾಳನ್ನೂ ದಾಟಿ ಹೊರಗಿನ ಬಿಸಿಲಿಗೆ, ದೋಣಿಕಟ್ಟೆಯ ಕಡೆಗೆ, ಕಾದ ಸಿಮೆಂಟಿನ ಮೇಲೆ ಬರಿಗಾಲಲ್ಲಿ ಹೋಗಿಯೇಬಿಟ್ಟ, ಸುಡುವುದು ಗೊತ್ತಾಗಲಿಲ್ಲವೇ ಅವನಿಗೆ, ಏನೋ ಒಂದು ಅವನನ್ನು ಮೈಮರೆಸಿರಬೇಕು, ಏನದು. ಜೂನಾ, ಬಾ, ಒಳಗಿನಿಂದ ವಜ್ದಿಯವರ ದನಿ, ಎದ್ದಿದ್ದೇನೆ, ಬಾಗಿಲ ಮುಂದೆ ನಿಂತಿದ್ದೇನೆ, ಕುರ್ಚಿಯ ಮೇಲೆ ಬಿಟ್ಟ ಫೋನು ಗುಂಯ್ ಅನ್ನುತ್ತಿದೆ, ಎಣ್ಣೆ ಕಾದಿರಬೇಕು, ಕಾಲ ಬಳಿ ಅವನ ಆ ಬೂಟು, ಹೋಗುವಾಗ ಅವನ ಕಾಲು ತಾಗಿ ಒಂದು ಮಗ್ಗುಲಾಗಿ ಬಿದ್ದಿದೆ, ಕಾಲುಚೀಲ ಅರ್ಧ ಹೊರಗೆ, ಬೂಟು ಮರೆತು ಹೋಗುವವನು ಸೀಟು ಸಿಕ್ಕವನೋ ಸಿಗದವನೋ, ಖುಷಿಗೂ ಸುಡುವುದು ಗೊತ್ತಾಗುವುದಿಲ್ಲ, ದುಃಖಕ್ಕೂ, ಜೂನಾ, ಬರ್ತೀಯಾ, ಬಂದೆ ಕ್ಯಾಪ್ಟನ್, ಅಂದೆ, ಅಂದೆನೋ ಇಲ್ಲವೋ, ಒಂದು ನೆಟ್ಟಗೆ ನಿಂತಿದೆ, ಒಂದು ಮಗ್ಗುಲಾಗಿದೆ, ಫ್ಯಾನು ನನ್ನ ಕಡೆಗೆ ತಿರುಗಿದ್ದರಿಂದ ಈಗ ಅದರಲ್ಲಿ ಏನೂ ತಿರುಗುತ್ತಿಲ್ಲ, ಒಂದು ನೆಟ್ಟಗೆ, ಒಂದು ಮಗ್ಗುಲಾಗಿ.