ಎರಡು ವರ್ಷ, ಇನ್ನೂರ ಹದಿನೇಳು ದಿನ

ಬ್ರೇಕಕ್ಕನಿಗೆ ಆ ಹೆಸರಿಟ್ಟವರು ಯಾರೆಂದು ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಗಾಲಿಕುರ್ಚಿಗೆ ಬ್ರೇಕು ಮಾಡುವ ಹೆಂಗಸು, ಅಷ್ಟು ಸಾಕಿತ್ತು. ಒಮ್ಮೆ ಇಳಿಜಾರಿನಲ್ಲಿ ಅಪ್ಪನ ಗಾಲಿಕುರ್ಚಿ ಅವಳ ಕೈ ತಪ್ಪಿ ಕೆಳಗಿನ ಸೈಕಲ್ ಅಂಗಡಿಯವರೆಗೂ ಓಡಿತ್ತು. ಅಪ್ಪನಿಗೇನೂ ಆಗಲಿಲ್ಲ. "ಇನ್ನೊಂದ್ಸಲ ತಳ್ಳೇ, ಗಾಳಿ ಚೆನ್ನಾಗಿತ್ತು" ಅಂದಿದ್ದರು. ಅವಳಿಗೆ ಮಾತ್ರ ಸಮಾಧಾನವಾಗಲಿಲ್ಲ. ತನ್ನ ಕೆಲಸದ ಶೆಡ್ಡಿನಲ್ಲಿ, ಕಬ್ಬಿಣ ಕಡೆಯುವ ಲೇತಿನ ಮುಂದೆ ನಿಂತು, ಎಳೆದರೆ ಹಿಡಿಯುವ ಬ್ರೇಕು ಮಾಡಿದಳು. ಎರಡು ವರ್ಷದ ಮೇಲೆ ಇನ್ನೊಂದು ಮಾಡಿದಳು: ಹಿಡಿಕೆಯಿಂದ ಕೈ ಬಿಟ್ಟರೆ ಸಾಕು, ತಾನಾಗಿಯೇ ಹಿಡಿದುಕೊಳ್ಳುವಂಥದ್ದು. ಎರಡಕ್ಕೂ ಪೇಟೆಂಟ್ ಸಿಕ್ಕಿತ್ತು; ಅದರ ಅವಧಿ ಮುಗಿಯುವ ತನಕ ಅವಳ ಒಪ್ಪಿಗೆಯಿಲ್ಲದೆ ಬೇರೆ ಯಾರೂ ಅವನ್ನು ಮಾಡುವಂತಿರಲಿಲ್ಲ.

ಕಬ್ಬಿಣ ಅಕ್ಕನದು, ಕಾಗದ ತಂಗಿಯದು. ತಂಗಿ ಪುಟ್ಟಿಗೆ ಮುತ್ತು ಪೋಣಿಸಿದಂಥ ಅಕ್ಷರ. ಶಾಲೆಯಲ್ಲಿದ್ದಾಗಲೇ ಅಕ್ಕನ ಸಹಿಯನ್ನು ಅಕ್ಕನಿಗಿಂತ ಚೆನ್ನಾಗಿ ಹಾಕುತ್ತಿದ್ದಳು; ಮನೆಯಲ್ಲಿ ಅದೊಂದು ತಮಾಷೆಯಾಗಿತ್ತು. ಶೆಡ್ಡಿನ ಇನ್ನೊಂದು ಬೀಗದ ಕೈ ಅವಳ ಹತ್ತಿರವೇ ಇರುತ್ತಿತ್ತು. ಬಂದ ಪತ್ರಗಳಿಗೆ ಉತ್ತರ ಬರೆದು, ಮೇಜಿನ ಡ್ರಾಯರಿನಲ್ಲಿಟ್ಟು ಹೋಗುತ್ತಿದ್ದಳು.

ಈಗ ಗಾಲಿಕುರ್ಚಿ ಕಾರ್ಖಾನೆಯೊಂದು ಎರಡನೆಯ ಬ್ರೇಕನ್ನು ತನ್ನ ಎಲ್ಲ ಕುರ್ಚಿಗಳಿಗೂ ಹಾಕಲು ಒಪ್ಪಿತ್ತು. ಬ್ರೇಕು ಅವಳ ಶೆಡ್ಡಿನಲ್ಲೇ, ಅವಳ ನಾಲ್ಕು ಜನ ಕೆಲಸಗಾರರ ಕೈಯಲ್ಲೇ ಆಗಬೇಕು. ಷರತ್ತು ಒಂದೇ: ಪೇಟೆಂಟಿಗೆ ಕನಿಷ್ಠ ಎರಡು ವರ್ಷ ಆಯಸ್ಸಿರಬೇಕು. ಹಾಗಂತ ಬರೆಸಿಕೊಂಡು ಬರಲು ಬ್ರೇಕಕ್ಕ ಪೇಟೆಂಟ್ ಏಜೆಂಟರ ಆಫೀಸಿಗೆ ಹೋದಳು.

ಅಲ್ಲಿ ತಾರೀಕು ಎಣಿಸುವ ಗುಮಾಸ್ತೆಯನ್ನು ಎಲ್ಲರೂ ತಾರೀಕಮ್ಮ ಅನ್ನುತ್ತಿದ್ದರು. ಆಕೆ ಬ್ರೇಕಕ್ಕ ಲೆಕ್ಕ ಬರೆದು ತಂದಿದ್ದ ಚೀಟಿ ನೋಡಿ ಕನ್ನಡಕ ಮೇಲೇರಿಸಿದಳು. "ನೀವೇ ಎಣಿಸಿದ್ರಾ?"

"ಹೂಂ. ಅರ್ಜಿ ಕೊಟ್ಟ ದಿನದಿಂದ ಇಪ್ಪತ್ತು ವರ್ಷ. ಸರ್ಕಾರದ ಕಚೇರಿಯವರು ತಡ ಮಾಡಿದ್ದು ಮುನ್ನೂರ ಹನ್ನೊಂದು ದಿನ, ಅದು ನನಗೆ ಸೇರ್ತು. ನಾನು ತಡ ಮಾಡಿದ್ದು ತೊಂಬತ್ನಾಲ್ಕು, ಅದು ಕಳೀತು. ಉಳಿದಿದ್ದು ಇನ್ನೂರ ಹದಿನೇಳು. ಒಟ್ಟು ಇವತ್ತಿಂದ ಎರಡು ವರ್ಷದ ಮೇಲೆ ಅಷ್ಟು ದಿನ. ಒಂದು ವಾರ ಆಚೆ ಈಚೆ."

"ಪರವಾಗಿಲ್ವೇ. ಬರೋರೆಲ್ಲ ಪೇಟೆಂಟ್ ಕೈಗೆ ಬಂದ ದಿನದಿಂದ ಎಣಿಸ್ಕೊಂಡು ಬರ್ತಾರೆ. ಮಗೂನ ಸ್ಕೂಲಿಗೆ ಸೇರಿಸಿದ ದಿನದಿಂದ ವಯಸ್ಸು ಹೇಳ್ದಂಗೆ." ತಾರೀಕಮ್ಮ ನಗುತ್ತ ಕಡತ ಬಿಚ್ಚಿದಳು. ಪೆನ್ಸಿಲ್ಲು ಹಾಳೆಯಿಂದ ಹಾಳೆಗೆ ಇಳಿಯುತ್ತ ಬಂದು ಒಂದು ಕಡೆ ನಿಂತಿತು. ನಗುವೂ ನಿಂತಿತು.

"ಈ ಕಾಗದ ನಿಮಗೆ ಗೊತ್ತಿರಬೇಕಲ್ಲ?"

ಗೊತ್ತಿರಲಿಲ್ಲ. ತಾರೀಕಮ್ಮ ಬಿಡಿಸಿ ಹೇಳಿದಳು. ಎರಡನೆಯ ಬ್ರೇಕು ಮೊದಲನೆಯದರ ಹಾಗೇ ಇದೆ ಎಂದು ಕಚೇರಿಯವರು ತಕರಾರು ತೆಗೆದಿದ್ದರು. "ಇಲ್ಲ, ಬೇರೇನೇ ಅಂತ ವಾದ ಮಾಡಬಹುದಿತ್ತು. ಇಲ್ಲಾಂದ್ರೆ ಎರಡನೇದು ಮೊದಲನೇದರ ಜೊತೆಗೇ ಮುಗೀಲಿ ಅಂತ ಒಪ್ಪಿ ಸಹಿ ಹಾಕಬಹುದಿತ್ತು. ಸಹಿ ಹಾಕಿದೀರ. ಹಾಕಿದ ಮೇಲೆ ಆ ಎರಡು ವರ್ಷವೂ ಇಲ್ಲ, ಕಚೇರಿ ಕೊಟ್ಟ ದಿನಗಳೂ ಇಲ್ಲ."

"ಮೊದಲನೇದು ಯಾವತ್ತು ಮುಗಿಯುತ್ತೆ?"

"ಅದಕ್ಕೆ ಸೇರಿಸೋದು ಕಳೆಯೋದು ಏನೂ ಇಲ್ಲ. ಬರೋ ಗುರುವಾರ."

ಬ್ರೇಕಕ್ಕ ಸಹಿಯನ್ನೇ ನೋಡಿದಳು. ಅವಳದೇ ಸಹಿ, ಕೊನೆಯ ಅಕ್ಷರದ ಕೆಳಗಿನ ಬಾಲ ಸಮೇತ. ಪಕ್ಕದಲ್ಲಿ ತಾರೀಕು. ಹಿಂದಿನ ಹಾಳೆ ತಿರುವಿದಳು. ಅಲ್ಲಿ ಪುಟ್ಟಿಯ ದುಂಡು ಅಕ್ಷರದಲ್ಲಿ ಇನ್ನೊಂದು ಪತ್ರವಿತ್ತು: "ಅರ್ಜಿದಾರರ ಬಲಗೈ ಪ್ರೆಸ್ ಯಂತ್ರಕ್ಕೆ ಸಿಕ್ಕಿ ಮುರಿದಿದೆ. ಮೂರು ತಿಂಗಳು ಸಹಿ ಹಾಕಲಾರರು. ಉತ್ತರ ತಡವಾಗುವುದಕ್ಕೆ ಕ್ಷಮೆಯಿರಲಿ." ಜೊತೆಗೆ ಡಾಕ್ಟರ ಚೀಟಿ. ತೊಂಬತ್ನಾಲ್ಕು ದಿನ ಕಳೆದುಹೋದದ್ದು ಅದಕ್ಕೇ.

ಸಹಿಯ ಪಕ್ಕದ ತಾರೀಕಿನ ಪ್ರಕಾರ, ಆ ಮೂರು ತಿಂಗಳ ನಟ್ಟನಡುವೆ, ಕೈ ಪೂರ್ತಿ ಪ್ಲಾಸ್ಟರಿನಲ್ಲಿದ್ದಾಗ, ಅವಳು ನೀಟಾಗಿ ಸಹಿ ಹಾಕಿದ್ದಳು.

ತಾರೀಕಮ್ಮನಿಗೂ ಹೊಳೆಯಿತು. ದನಿ ತಗ್ಗಿಸಿದಳು. "ಆಗ ನಾನಿಲ್ಲಿ ಸೇರಿರಲಿಲ್ಲಮ್ಮ. ಸಹಿ ನನ್ನದಲ್ಲ ಅಂತ ಅರ್ಜಿ ಹಾಕಬಹುದು. ಗೆಲ್ತೀರಿ ಅನ್ನಲ್ಲ, ವಿಚಾರಣೆ ಅಂತೂ ಮಾಡ್ತಾರೆ. ಗುರುವಾರ ಐದು ಗಂಟೆಯೊಳಗೆ ಹಾಕಬೇಕು. ಆದ್ರೆ ಸಹಿ ಹಾಕಿದ್ದು ಯಾರು ಅಂತ ಗೊತ್ತಿದ್ರೆ ಪ್ರಮಾಣ ಮಾಡಿ ಬರೀಬೇಕು."

"ಬರೆದ್ರೆ ಅವರಿಗೇನಾಗುತ್ತೆ?"

"ಅದು ನನ್ನ ಲೆಕ್ಕ ಅಲ್ಲ. ಪೊಲೀಸಿನವರ ಲೆಕ್ಕ."

ಅರ್ಜಿಯ ನಮೂನೆ ಇಸಿದುಕೊಂಡು ಬ್ರೇಕಕ್ಕ ನೇರ ತಂಗಿಯ ಮನೆಗೆ ಹೋದಳು. ದಾರಿಯುದ್ದಕ್ಕೂ ತಂಗಿಯ ಪರವಾಗಿ ತಾನೇ ವಾದ ಮಾಡಿಕೊಂಡಳು. ಭಯಪಟ್ಟಿರಬೇಕು, ಪಾಪ. ಚಿಕ್ಕವಳು.

ಬಾಗಿಲು ತೆರೆದೇ ಇತ್ತು. ಹಜಾರದ ಗೋಡೆಗೆ ಒತ್ತಿ ಎದೆಮಟ್ಟ ರಟ್ಟಿನ ಡಬ್ಬಗಳು. ತೆರೆದಿದ್ದ ಒಂದರಲ್ಲಿ ಕೈ ಹಾಕಿ ತೆಗೆದರೆ ಅವಳದೇ ಬ್ರೇಕು, ಕೆಂಪು ಬಣ್ಣ ಬಳಿದುಕೊಂಡಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ದಿನಕ್ಕೆ ಸುತ್ತು ಹಾಕಿತ್ತು. ಗುರುವಾರಕ್ಕಲ್ಲ, ಶುಕ್ರವಾರಕ್ಕೆ. ಎಣಿಸಬಲ್ಲವರೇ ಎಣಿಸಿದ್ದರು.

ತಂಗಿಯ ಗಂಡ ಒಳಗಿನಿಂದ ಬಂದು, ಡಬ್ಬ ಮುಚ್ಚುವುದೋ ಬೇಡವೋ ಎಂದು ನಿಂತ. "ಶುಕ್ರವಾರದಿಂದ ಯಾರು ಬೇಕಾದ್ರೂ ಮಾಡಬಹುದಂತೆ ಅಕ್ಕ. ಹೊರಗಿನವರು ಮಾಡೋ ಬದ್ಲು ಮನೇಲೇ ಇರ್ಲಿ ಅಂತ."

"ಒಳ್ಳೇದು. ಕೆಂಪು ಚೆನ್ನಾಗಿ ಒಪ್ಪುತ್ತೆ" ಎಂದಳು ಬ್ರೇಕಕ್ಕ. ಆತ ತನ್ನ ಅಂಗಡಿಯ ಕೆಲಸ ನೆನಪಿಸಿಕೊಂಡು ಹೊರಟೇಹೋದ.

ಪುಟ್ಟಿ ಕುರ್ಚಿಯ ಅಂಚಿನಲ್ಲಿ ಕೂತಿದ್ದಳು. "ನೀನು ಆಸ್ಪತ್ರೇಲಿದ್ದೆ ಅಕ್ಕ. ವಾದ ಮಾಡಿದ್ರೆ ಪೇಟೆಂಟ್ ಸಿಗದೇನೂ ಹೋಗಬಹುದು, ಸಹಿ ಹಾಕಿದ್ರೆ ಸಿಕ್ಕೇ ಸಿಗುತ್ತೆ ಅಂದ್ರು ಏಜೆಂಟರು. ಹಾಕಿಬಿಟ್ಟೆ. ನಿನಗೋಸ್ಕರಾನೇ."

"ಹೇಳಬಹುದಿತ್ತು."

"ಪೇಟೆಂಟ್ ಸರ್ಟಿಫಿಕೇಟ್ ಹಿಡ್ಕೊಂಡು ಖುಷಿಗೆ ಅತ್ತುಬಿಟ್ಟಿದ್ದೆ ನೀನು. ಹೆಂಗ್ ಹೇಳ್ಲಿ?"

"ಆಮೇಲೆ ಹದಿನೈದು ವರ್ಷ ಇತ್ತು. ಹೋಗ್ಲಿ, ಅವತ್ತಿಂದು ಬಿಡು. ಈ ಡಬ್ಬಗಳು ಯಾವತ್ತಿನವು?"

ಪುಟ್ಟಿ ಎದ್ದು, ತೆರೆದಿದ್ದ ಡಬ್ಬವನ್ನು ಮುಚ್ಚಿದಳು.

"ಹೋದ ತಿಂಗಳು ನೀನು ಸ್ಪ್ರಿಂಗಿನ ಅಳತೆ ಕೇಳಿದೆ. ಕಡತದಲ್ಲಿ ಬರೆದಿಡೋಕೆ ಅಂದೆ. ಪೇಟೆಂಟಿನಲ್ಲಿ ಇಲ್ಲದ ಅಳತೆ ಅದು ಪುಟ್ಟಿ. ಟೀ ಕುಡೀತಾ ಹೇಳಿಕೊಟ್ಟೆ ನಾನು."

ಪುಟ್ಟಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ಬ್ರೇಕಕ್ಕ ನಮೂನೆಯನ್ನು ಮೇಜಿನ ಮೇಲಿಟ್ಟಳು. "ನಿನ್ನ ಹೆಸರು ನಾನು ಬರೆಯಲ್ಲ. ನಿನಗೇ ಅನ್ನಿಸಿದ್ರೆ ನೀನು ಬರಿ. ಗುರುವಾರ ಏಜೆಂಟರ ಆಫೀಸಲ್ಲಿ ಕೂತಿರ್ತೀನಿ."

ಗುರುವಾರ ಊಟವಾದ ಮೇಲೆ ಹೋಗಿ ಬೆಂಚಿನ ಮೇಲೆ ಕೂತಳು. ತಾರೀಕಮ್ಮ ಎರಡು ಸಲ ಟೀ ತರಿಸಿದಳು, ಬಾಗಿಲು ನೋಡಬೇಡಿ ಎನ್ನುತ್ತ ತಾನೇ ನೋಡಿದಳು. ನಾಲ್ಕೂವರೆಗೆ ಪುಟ್ಟಿ ಏದುಸಿರು ಬಿಡುತ್ತ ಬಂದಳು. ಕೈಯಲ್ಲಿ ನಮೂನೆ ಪೂರ್ತಿ ತುಂಬಿತ್ತು. ಬ್ರೇಕಕ್ಕನ ಎದೆ ಹಗುರಾಯಿತು. ಬಂದಳಲ್ಲ, ಅಷ್ಟು ಸಾಕು. ಪೊಲೀಸಿನವರ ಹತ್ತಿರ ನಾನೇ ಜೊತೆಗೆ ಹೋಗುತ್ತೇನೆ ಅಂದುಕೊಂಡು ಓದಿದಳು.

ಅದೇ ದುಂಡು ಅಕ್ಷರ. "ಸದರಿ ಸಹಿ ನನ್ನದಲ್ಲ. ಹಾಕಿದವರು ಯಾರೆಂದು ನನಗೆ ತಿಳಿದಿಲ್ಲ ಎಂದು ಪ್ರಮಾಣ ಮಾಡುತ್ತೇನೆ." ಕೆಳಗೆ ಬ್ರೇಕಕ್ಕನ ಸಹಿ, ಬಾಲ ಸಮೇತ.

"ಹಿಂಗಾದ್ರೆ ಯಾರಿಗೂ ತೊಂದ್ರೆ ಇಲ್ಲ ಅಲ್ವಾ ಅಕ್ಕ?" ಎಂದಳು ಪುಟ್ಟಿ. "ನಿನಗೆ ತಿರುಗಾಟ ಯಾಕೆ ಅಂತ ಸಹಿ ನಾನೇ..."

ತಾರೀಕಮ್ಮ ಕೈ ಚಾಚಿದಳು. "ಕೊಡಿ, ಇನ್ನೂ ಇಪ್ಪತ್ತು ನಿಮಿಷ ಇದೆ."

"ಬೇಡಮ್ಮ. ಈ ಸಹಿಯೂ ನನ್ನದಲ್ಲ." ನಮೂನೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು. ಆಫೀಸಿನ ಫೋನಿನಿಂದ ಕಾರ್ಖಾನೆಯ ಮ್ಯಾನೇಜರಿಗೆ ಮಾತಾಡಿದಳು. ಪೇಟೆಂಟ್ ಇವತ್ತಿಗೆ ಮುಗಿಯಿತು, ನಾನು ಎಣಿಸಿದ್ದು ತಪ್ಪಿತ್ತು ಎಂದಳು. ಆತ ಛೇ ಛೇ ಎಂದ. ಹಾಗಿದ್ದರೆ ಆಗುವುದಿಲ್ಲ ಎಂದೂ ಹೇಳಿದ.

ಹೊರಗೆ ಮೆಟ್ಟಿಲಿನ ಮೇಲೆ ಪುಟ್ಟಿ ಕಾಯುತ್ತಿದ್ದಳು. "ಅಕ್ಕ, ಏನಾದ್ರೂ ಬೈಯಿ."

"ಶೆಡ್ಡಿನ ಬೀಗದ ಕೈ ಒಂದು ನಿನ್ನ ಹತ್ರ ಇದೆಯಲ್ಲ, ಕೊಡು."

ಪುಟ್ಟಿ ಗೊಂಚಲು ತೆಗೆದಳು. ಉಂಗುರ ಬಿಗಿಯಾಗಿತ್ತು. ಉಗುರಿನಿಂದ ಬಿಡಿಸಲು ಹೋಗಿ ಉಗುರು ಮುರಿಯಿತು. ಮತ್ತೆ ಇನ್ನೊಂದು ಬೆರಳಿನಿಂದ ಬಿಡಿಸತೊಡಗಿದಳು. ಎಂಥ ಬಿಗಿ ಉಂಗುರವನ್ನಾದರೂ ಬ್ರೇಕಕ್ಕ ಚಿಟಿಕೆಯಲ್ಲಿ ಬಿಡಿಸಬಲ್ಲಳು. ಚಾಚಿದ ಅಂಗೈಯನ್ನು ಹಾಗೇ ಹಿಡಿದು ನಿಂತಳು, ಬೀಗದ ಕೈ ತಾನಾಗಿ ಬಂದು ಬೀಳುವವರೆಗೆ.