ಪುಸ್ತಕ ಬರಲಿ ಎಂದ ಊರು

ವಿಧಾನಸಭೆಯ ಪ್ರಶ್ನೋತ್ತರದ ಪುಸ್ತಕ ನಮ್ಮೂರಿನ ವಾಚನಾಲಯಕ್ಕೆ ಅಂಚೆಯಲ್ಲಿ ಬರುತ್ತಿತ್ತು. ಪುಟ್ಟಸಿದ್ದಯ್ಯನವರು ಅದನ್ನು ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದರು. ಕೌದಳ್ಳಿ ರಸ್ತೆಯ ಬಗ್ಗೆ ನಮ್ಮ ಶಾಸಕರು ಕೇಳಿದರೇ, ಮಂತ್ರಿ ಏನೆಂದರು, ಎಲ್ಲವೂ ಎದುರಿನ ನನ್ನ ಟೀ ಅಂಗಡಿಗೆ ಕೇಳಿಸುತ್ತಿತ್ತು. ಸಭೆಯಲ್ಲಿ ಬಾಯಿ ಬಿಡದ ಶಾಸಕರು ಊರಿಗೆ ಬಂದರೆ ಈ ಮುದುಕರು ಅವರ ಬೆವರಿಳಿಸುತ್ತಿದ್ದರು.

ಹೋದ ಚಳಿಗಾಲದಲ್ಲಿ ನಮ್ಮ ಹೈಸ್ಕೂಲನ್ನು ಹನೂರಿನ ಶಾಲೆಗೆ ಸೇರಿಸುವ ಸುದ್ದಿ ಹಬ್ಬಿತು. ಪುಟ್ಟಸಿದ್ದಯ್ಯನವರ ಮೊಮ್ಮಗಳು ರಮ್ಯ ಒಂಬತ್ತನೇ ಕ್ಲಾಸು. ಬಸ್ಸಿನಲ್ಲಿ ಅಷ್ಟು ದೂರ ಕಳಿಸುವುದಿಲ್ಲ ಎಂದು ಅವಳ ತಾಯಿ ಚೆಲುವಮ್ಮ ಆಗಲೇ ಹೇಳಿಬಿಟ್ಟಿದ್ದಳು. ಸಭೆಯಲ್ಲಿ ಕೇಳುತ್ತೇನೆಂದು ಶಾಸಕರು ಮಾತು ಕೊಟ್ಟರು. ಊರು ಕಾದು ಕೂತಿತು.

ಸಂಕ್ರಾಂತಿ ಕಳೆದ ಮೇಲೆ ಟ್ರ್ಯಾಕ್ಟರ್ ಓಡಿಸುವ ನಿಂಗರಾಜು ಫೋನ್ ಹಿಡಿದು ಪುಟ್ಟಸಿದ್ದಯ್ಯನವರ ಹತ್ತಿರ ಬಂದ.

"ದೊಡ್ಡಪ್ಪ, ಮಂತ್ರಿ ಉತ್ತರ ಕೊಟ್ಟವ್ರೆ. ಮಾರ್ಚೊಳ್ಗೆ ತಂದೆ ತಾಯ್ದೀರೆಲ್ಲ ಅರ್ಜಿ ಕೊಟ್ರೆ ಸ್ಕೂಲು ಉಳಿಸ್ತಾರಂತೆ, ನೋಡು."

"ಪುಸ್ತಕ ಬರ್ಲಿ ಕಣ್ಲಾ. ನಿನ್ ಫೋನಲ್ಲಿ ಹೋದ್ವಾರ ಸತ್ತೋಗಿದ್ದೋನು ಎದ್ದು ಕುಂತಿದ್ದ. ಅದ್ನೂ ನಂಬ್ಲಾ?"

ಜಗಲಿಯಲ್ಲಿದ್ದವರೆಲ್ಲ ನಕ್ಕರು. ನಿಂಗರಾಜು ಮುಖ ಸಣ್ಣಗೆ ಮಾಡಿಕೊಂಡು ಹೋದ.

ಮಾರ್ಚ್ ಮುಗಿಯಿತು, ಪುಸ್ತಕ ಬರಲಿಲ್ಲ, ಊರಿನಿಂದ ಒಂದು ಅರ್ಜಿಯೂ ಹೋಗಲಿಲ್ಲ. ಮೇ ತಿಂಗಳಲ್ಲಿ ಶಾಲೆ ಮುಚ್ಚುವ ಆದೇಶವೇ ಬಂತು. ಪುಟ್ಟಸಿದ್ದಯ್ಯನವರು ಕೊಳ್ಳೇಗಾಲದ ಗ್ರಂಥಾಲಯ ಕಚೇರಿಗೆ ಓಡಿ ವಿಚಾರಿಸಿದರೆ, "ಪುಸ್ತಕ ಕಳ್ಸೋದು ಯಾವಾಗ್ಲೋ ನಿಂತೋಯ್ತು ತಾತ, ಈಗೆಲ್ಲ ಆನ್‌ಲೈನು" ಎಂದರಂತೆ. ನಿಲ್ಲಿಸಿದ್ದೇವೆ ಎಂದು ಒಂದು ಸಾಲು ಬರೆದು ತಿಳಿಸಲು ಯಾರಿಗೂ ಕೈ ಬರಲಿಲ್ಲವೇ? ನೆನೆದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಅಂದು ಸಂಜೆ ಪುಟ್ಟಸಿದ್ದಯ್ಯನವರು ನಿಂಗರಾಜುವಿನ ಫೋನನ್ನು ರಮ್ಯಳ ಕೈಗೆ ಕೊಡಿಸಿ, "ಓದವ್ವ" ಎಂದರು. ಹುಡುಗಿ ಜಗಲಿಯ ಮೇಲೆ ನಿಂತು ಪ್ರಶ್ನೆ, ಉತ್ತರ, ಕಡೆಯ ತಾರೀಖು ಎಲ್ಲವನ್ನೂ ತಡವರಿಸದೆ ಓದಿದಳು. ನಿಂಗರಾಜು ಹೇಳಿದ್ದೇ ಅಲ್ಲಿತ್ತು.

"ಇಷ್ಟ್ ಚೆಂದಾಗಿ ಓದ್ತೀಯಲ್ಲವ್ವ," ಎಂದು ಮುದುಕರು ಅವಳ ತಲೆ ಸವರಿದರು. "ನಿನ್ ಸ್ಕೂಲ್ನ ನಾನೇ ಕಳದ್ಬುಟ್ನಲ್ಲ."

ತಾತನ ಕೈ ಹಿಡಿದು ರಮ್ಯ ಮನೆಗೆ ಕರೆದುಕೊಂಡು ಹೋದಳು. ಅವಳು ಸಿಟ್ಟು ಮಾಡಿಕೊಂಡಿದ್ದರೆ ಅವರಿಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ.

ಜೂನ್‌ನಲ್ಲಿ ಹನೂರಿನ ಬಸ್ಸಿಗೆ ನಮ್ಮೂರಿನ ಗಂಡು ಹುಡುಗರಷ್ಟೇ ಹತ್ತಿದರು. ರಮ್ಯ ತಾಯಿಯ ಜೊತೆ ಅರಿಶಿನದ ಹೊಲದಲ್ಲಿದ್ದಳು.